ದೊರೆಸಾನಿ ಬಿಟ್ಟುಹೋದ ನಾಯಿಯ ತೂಕ

ಮಾರಿಕಣಿವೆಯಲ್ಲಿ ಅಣೆಕಟ್ಟೆಯ ಕೆಲಸ ನಡೆಯುತ್ತಿದ್ದಾಗ ನಮ್ಮ ಯಜಮಾನರು ಅಲ್ಲಿನ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ಆ ವರ್ಷ ಚಳಿಜ್ವರ ಬಂದು ನಮ್ಮ ಮೂರು ವರ್ಷದ ಮಗಳು ತೀರಿಕೊಂಡಳು. ಹದಿನೈದು ದಿನ ಕಳೆದಿರಬೇಕು, ಬೆಂಗಳೂರಿಗೆ ಹೊರಟಿದ್ದ ಇಂಜಿನಿಯರ್ ದೊರೆಯ ಹೆಂಡತಿ ತನ್ನ ಪುಟ್ಟ ವಿಲಾಯತಿ ನಾಯಿಯನ್ನು ನಮ್ಮ ಮನೆಗೆ ಕಳಿಸಿಕೊಟ್ಟಳು. ಬೆಕ್ಕಿಗಿಂತ ತುಸು ದೊಡ್ಡದು. ಬಿಳಿ ಮೈ, ಒಂದು ಕಿವಿ ಮಾತ್ರ ಕಂದು. ಬೇಕು ಅಂತಲೂ ಬೇಡ ಅಂತಲೂ ನಾನು ಹೇಳಲಿಲ್ಲ.

ಹಾಲಿನವಳಿಗೆ ಹಾಲು ನಿಲ್ಲಿಸು ಎಂದು ಯಾರೂ ಹೇಳಿರಲಿಲ್ಲ. ಮಗಳಿಗೆಂದು ಗೊತ್ತುಮಾಡಿದ್ದ ಎರಡು ಪಾವು ದಿನಾ ಬರುತ್ತಲೇ ಇತ್ತು. ಕಾಯಿಸಿ, ಆರಿಸಿ, ನಾಯಿಗೆ ಹಾಕುತ್ತಿದ್ದೆ. ಮಧ್ಯಾಹ್ನ ತುಪ್ಪದ ಅನ್ನ, ಸಂಜೆ ಬೆಲ್ಲ ಹಚ್ಚಿದ ರೊಟ್ಟಿ. ಅದು ತಿನ್ನುತ್ತಿತ್ತು, ನಾನು ನೋಡುತ್ತ ಕೂತಿರುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅದಕ್ಕೆ ಹೊಸಿಲು ದಾಟುವುದೇ ಕಷ್ಟವಾಯಿತು. ಬಾವಿಯವರೆಗೆ ಬಂದರೆ ನಾಲಿಗೆ ಚಾಚಿ ಮಲಗಿಬಿಡುತ್ತಿತ್ತು. ಯಜಮಾನರು ಅದನ್ನು ಉಗ್ರಾಣಕ್ಕೆ ಒಯ್ದು, ಮೊಳೆ ತೂಗುವ ತಕ್ಕಡಿಯಲ್ಲಿ ಕೂರಿಸಿ ತೂಗಿ ತಂದರು.

“ಇಪ್ಪತ್ತೆರಡು ಪೌಂಡು ಐತೆ,” ಅಂದರು.

“ಎಷ್ಟಿರ್ಬೇಕಂತೆ?”

“ಅದು ಯಾರಿಗೂ ಗೊತ್ತಿಲ್ಲ.”

ನಮ್ಮ ಸಾಲುಮನೆಗಳ ಹಿಂದೆ ಕುರಿ ಮೇಯಿಸುವ ಅಜ್ಜನೊಬ್ಬ ನೀರು ಕೇಳಿಕೊಂಡು ಬರುತ್ತಿದ್ದ. ಅವನಿಗೆ ಈ ತೂಕದ ಮಾತು ಹೇಳಿದೆ.

“ಇದಕ್ಕೆ ತಕ್ಕಡಿ ಯಾಕವ್ವ, ಕೈ ಐತಲ್ಲ,” ಅಂದ. ನನ್ನ ಕೈಯನ್ನು ನಾಯಿಯ ಪಕ್ಕೆಯ ಮೇಲೆ ಇಡಿಸಿದ. “ಏನು ಸಿಗ್ತೈತೆ?”

“ಮೆತ್ತಗೈತೆ, ಅಷ್ಟೇ.”

“ಪಕ್ಕೆಲುಬು ಎದ್ದು ಕಾಣ್ಬಾರ್ದು. ಆದ್ರೆ ಕೈ ಆಡಿಸಿದ್ರೆ ಸಿಗ್ಬೇಕು, ಒತ್ತಿ ಹುಡುಕಾ ಹಂಗಿರ್ಬಾರ್ದು. ಮ್ಯಾಲಿಂದ ನೋಡಿದ್ರೆ ಪಕ್ಕೆ ದಾಟಿದ ಮ್ಯಾಲೆ ನಡ ಸಣ್ಣಗಾಗ್ಬೇಕು. ಇದು ನೋಡು, ದಿಂಬಿನ ಹಂಗೈತೆ. ಏನು ಹಾಕ್ತೀಯ?”

ಹೇಳಿದೆ.

“ಇಷ್ಟು ಸಣ್ಣ ಪ್ರಾಣಿಗೆ ಅಷ್ಟು ಹಾಲ್ಯಾಕವ್ವ?”

“ಹಾಲು ಬರ್ತೈತೆ. ಹಾಕ್ತೀನಿ.”

ಅಜ್ಜ ನನ್ನ ಮುಖ ನೋಡಿದ. “ಒಂದೇ ಸಲ ನಿಲ್ಲಿಸ್ಬ್ಯಾಡ,” ಅಂದ. “ದಿನಕ್ಕಿಷ್ಟು ಅಂತ ಕಮ್ಮಿ ಮಾಡ್ತಾ ಬಾ. ದಿನಾ ಒಂದಿಷ್ಟು ದೂರ ನಡೆಸು.”

ಮರುದಿನ ಬೆಳಿಗ್ಗೆ ಹಾಲಿನವಳಿಗೆ ಒಂದೇ ಪಾವು ಸಾಕು ಎಂದೆ. ಅಳೆಯುತ್ತಿದ್ದವಳ ಕೈ ನಿಂತಿತು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಚೆಂಬು ಎತ್ತಿಕೊಂಡು ಒಳಗೆ ಬಂದೆ.

ಬೆಲ್ಲ, ತುಪ್ಪ ಬಿಟ್ಟೆ. ಕಾಲುವೆ ದಾರಿಯಲ್ಲಿ ನಾಯಿಯನ್ನು ದಿನಾ ನಡೆಸಿದೆ. ಅದು ಕೂತರೆ ನಾನೂ ಕೂರುತ್ತಿದ್ದೆ. ಸೋಮವಾರಕ್ಕೊಮ್ಮೆ ಪಕ್ಕೆ ಮುಟ್ಟಿ ನೋಡುತ್ತಿದ್ದೆ. ಎರಡು ತಿಂಗಳಾದ ಮೇಲೆ ಎಲುಬು ಒಂದೊಂದಾಗಿ ಬೆರಳಿಗೆ ಸಿಕ್ಕವು. ಸಂತೋಷ ಆಗಬೇಕಿತ್ತು. ಸರಿ, ಸಿಕ್ಕವು ಅಂದುಕೊಂಡೆ.

ಒಂದು ಬೆಳಿಗ್ಗೆ ಅದು ಅಳಿಲನ್ನು ಅಟ್ಟಿಸಿಕೊಂಡು ಹೋಗಿ ಜಗಲಿಯಿಂದ ಕೆಳಕ್ಕೆ ಹಾರಿತು. ಸ್ನಾನಕ್ಕೆ ಹೊರಟಿದ್ದ ಯಜಮಾನರು ನಕ್ಕರು. ನಗು ಕೇಳಿ ತಿರುಗಿ ನೋಡಿದೆ. ಬರಿಮೈಯಲ್ಲಿ ನಿಂತಿದ್ದರು. ಅವರ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಇಷ್ಟು ತಿಂಗಳೂ ಎರಡು ಹೊತ್ತು ಬಡಿಸಿದವಳು ನಾನೇ.

“ಸೊರಗಿ ಹೋಗಿದೀರಿ,” ಎಂದೆ.

“ಊಟ ಸೇರಲ್ಲ,” ಅಂದರು.

ಆ ಮಧ್ಯಾಹ್ನ ಬಡಿಸಿ ಒಳಗೆ ಹೋಗದೆ ಎದುರಿಗೇ ಕೂತೆ. ಅವರು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಮಗಳ ಮಾತು ಇಬ್ಬರೂ ಆಡಲಿಲ್ಲ. ಅದನ್ನು ಆಡಿದ್ದು ಹೊಳಲ್ಕೆರೆಗೆ ವರ್ಗವಾಗಿ, ಗಾಡಿ ಕಟ್ಟಿ ಹೊರಟ ದಿನ.