ಪ್ಯಾನೆಲ್ ಹಿಂದಿನ ಎರಡು ಗೀಟು

ಆ ಬಾಗಿಲನ್ನು ಒಳಗೆ ತೆರೆಯುವಂತೆ ಕೂರಿಸಲು ಹೇಳಿದವಳು ನಾನು. ಕಾಳಪ್ಪ ಬಡಿಗೇರರ ತಪ್ಪಲ್ಲ ಅದು. ನಾನು ಹೇಳಿದೆ, ಅವರು ಬೇಡವೆಂದರು, ನಾನು ಮತ್ತೆ ಹೇಳಿದೆ, ಅವರು ಮಾಡಿದರು. ಆಮೇಲೆ ಆ ಬಾಗಿಲ ಹಿಂದೆ ಒಬ್ಬ ಮುದುಕಿ ಬಿದ್ದು ಸೊಂಟ ಮುರಿದುಕೊಂಡಾಗ, ಜನರ ಮುಂದೆ ನಿಂತು, ನಾನು ಹಾಗೆ ಹೇಳಿಯೇ ಇಲ್ಲ ಎಂದುಬಿಟ್ಟೆ. ಏಳು ವರ್ಷ ಆ ಸುಳ್ಳಿನ ಮೇಲೆ ಆರಾಮವಾಗಿ ಬದುಕಿದೆ. ಆರಾಮವಾಗಿ ಅಂದರೆ — ಇಲ್ಲ, ಈಗಲೇ ಶುರುವಾಯಿತು ನೋಡಿ, ಬರೆಯಲು ಕೂತರೆ ಕೈ ಕಾರಣಗಳ ಕಡೆಗೇ ಓಡುತ್ತದೆ. ಕಾರಣ ಬೇಡ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ಬೈಲಹೊಂಗಲದವಳು. ಅಪ್ಪನದು ಬಟ್ಟೆ ಅಂಗಡಿ. ನಾನು ಕಲಿತದ್ದು ಒಳಾಂಗಣ ವಿನ್ಯಾಸ; ಕಟ್ಟಡದ ಒಳಗೆ ಗೋಡೆ, ಬೆಳಕು, ಬಾಗಿಲು, ಕೂರುವ ಜಾಗ ಹೇಗಿರಬೇಕೆಂದು ನಿರ್ಧರಿಸುವ ಕೆಲಸ. ಆಗ ನಮ್ಮ ಕಡೆ ಅದನ್ನು ಯಾರಿಗಾದರೂ ಹೇಳಿದರೆ, "ಅಂದ್ರ ಪಡದೆ ಆರಿಸಿಕೊಡತೀರೇನ್ರಿ?" ಎಂದು ಕೇಳುತ್ತಿದ್ದರು. ಕೆಲಸಗಾರರು ನನ್ನ ಮಾತಿಗೆ ತಲೆಯಾಡಿಸುತ್ತಿದ್ದರು, ನಾನು ಅತ್ತ ಹೋದ ಮೇಲೆ ಮನೆಯ ಗಂಡಸರನ್ನು ಕೇಳಿ ತಮಗೆ ತಿಳಿದಂತೆ ಮಾಡುತ್ತಿದ್ದರು. ನನ್ನ ಮಾತಿಗೂ ಒಂದು ತೂಕವಿದೆ ಎಂದು ಮೊದಲು ಎಣಿಸಿದವರು ಕಾಳಪ್ಪ ಕಾಕಾ.

ಅವರು ನೇಸರಗಿಯವರು. ಅಪ್ಪನ ಅಂಗಡಿಯ ಕಪಾಟುಗಳೆಲ್ಲ ಅವರದೇ ಕೈಕೆಲಸ. ನಾನು ಫ್ರಾಕು ಹಾಕಿಕೊಂಡು ಕಟ್ಟಿಗೆಯ ಹೊಟ್ಟಿನಲ್ಲಿ ಆಡಿದ್ದನ್ನು ಕಂಡವರು. ಇಬ್ಬರೇ ಇದ್ದಾಗ ನನ್ನನ್ನು "ತಂಗಿ" ಎನ್ನುತ್ತಿದ್ದರು. ಕೆಲಸದ ಜಾಗದಲ್ಲಿ ಬೇರೆಯವರಿದ್ದರೆ ಮಾತ್ರ ದನಿ ಏರಿಸಿ "ಮೇಡಮ್ಮಾರ" ಎನ್ನುತ್ತಿದ್ದರು, ಉಳಿದವರ ಕಿವಿಗೆ ಬೀಳಲಿ ಎಂದು. "ಮೇಡಮ್ಮಾರ ಹೇಳಿಧಂಗ ಮಾಡ್ರಿ, ನಿಮ್ಮ ಶ್ಯಾಣ್ಯಾತನ ಮನ್ಯಾಗ ಇಟ್ಟ ಬರ್ರಿ" ಎಂದು ಅವರು ಗದರಿದರೆ ಮತ್ತೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ನನಗೆ ಸಿಕ್ಕ ಮರ್ಯಾದೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅವರು ಕೊಡಿಸಿದ್ದು.

ಅವರಿಗೊಂದು ಪದ್ಧತಿಯಿತ್ತು. ನಮ್ಮಲ್ಲಿ ನಕಾಶೆಯೇ ಬೇರೆ, ಕೆಲಸವೇ ಬೇರೆ. ನಕಾಶೆ ಕೊಟ್ಟ ಮೇಲೆ ನಿಂತ ನಿಲುವಿನಲ್ಲೇ ಹತ್ತು ಬದಲಾವಣೆಗಳನ್ನು ಬಾಯಲ್ಲಿ ಹೇಳುತ್ತೇವೆ. ಯಾರೂ ಅವನ್ನು ಕಾಗದಕ್ಕೆ ಇಳಿಸುವುದಿಲ್ಲ. ಕಾಳಪ್ಪ ಕಾಕಾ ಮಾತ್ರ ಅಂಥ ಒಂದೊಂದು ಬದಲಾವಣೆಯನ್ನೂ ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು ಅಲ್ಲೇ ಪಕ್ಕದ ಪ್ಲಾಸ್ಟರಿನ ಮೇಲೆ ಬರೆಯುತ್ತಿದ್ದರು. ಬರೆದು, ಪೆನ್ಸಿಲನ್ನು ಹೇಳಿದವರ ಕೈಗೆ ಕೊಟ್ಟು, "ಒಂದ ಗೀಟ ಎಳೀರಿ" ಎನ್ನುತ್ತಿದ್ದರು. ಅದರ ಕೆಳಗೆ ತಮ್ಮದೊಂದು ಗೀಟು. ಹೇಳಿದವರದೊಂದು, ಮಾಡುವವರದೊಂದು. ಆಮೇಲೆ ಅದರ ಮೇಲೆ ಬಣ್ಣವೋ ಟೈಲ್ಸೋ ಬಂದು ಎಲ್ಲ ಮುಚ್ಚಿಹೋಗುತ್ತಿತ್ತು. "ಮುಚ್ಚಿಹೋಗೂದನ್ನ ಬರಿಯೂದ್ಯಾಕ ಕಾಕಾ?" ಎಂದು ನಾನೊಮ್ಮೆ ನಕ್ಕಿದ್ದೆ.

"ಗ್ವಾಡಿಗೆ ಗೊತ್ತಿದ್ರ ಸಾಕವಾ" ಎಂದಿದ್ದರು.

ರಾಮದುರ್ಗದಲ್ಲಿ ಒಬ್ಬ ಡಾಕ್ಟರು ಕಟ್ಟಿಸಿದ ಸಣ್ಣ ಆಸ್ಪತ್ರೆ ನನ್ನ ಪಾಲಿಗೆ ಮೊದಲ ದೊಡ್ಡ ಕೆಲಸ. ಆಸ್ಪತ್ರೆಯ ಒಳಾಂಗಣ ಕಲಿಯುವಾಗ ಹೇಳಿಕೊಡುವ ಮೊದಲ ಪಾಠಗಳಲ್ಲೊಂದು ಇದು: ರೋಗಿಗಳ ಶೌಚಾಲಯದ ಬಾಗಿಲು ಹೊರಗೆ ತೆರೆಯಬೇಕು. ಒಳಗೆ ಯಾರಾದರೂ ಕುಸಿದರೆ ಅವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ; ಒಳಕ್ಕೆ ತೆರೆಯುವ ಬಾಗಿಲನ್ನು ಆಗ ಹೊರಗಿನಿಂದ ತೆರೆಯಲಾಗುವುದಿಲ್ಲ. ಇದು ನನಗೆ ಗೊತ್ತಿತ್ತು. ನಕಾಶೆಯಲ್ಲಿ ಹಾಗೆಯೇ ಬರೆದಿದ್ದೆ. ಕಾಳಪ್ಪ ಕಾಕಾನಿಗೆ ಅದನ್ನು ಬಿಡಿಸಿ ಹೇಳಿದವಳೂ ನಾನೇ.

ಆದರೆ ನನಗೊಂದು ಪ್ಯಾನೆಲ್ ಹುಚ್ಚು ಹತ್ತಿತ್ತು. ಆಸ್ಪತ್ರೆಯ ಒಳಗೆ ಕಾಲಿಟ್ಟೊಡನೆ ಉದ್ದನೆಯ ಪಡಸಾಲೆ. ಅದರ ಎಡಗೋಡೆಯ ತುಂಬ ಸಾಗವಾನಿ ಬಣ್ಣದ ಪ್ಯಾನೆಲ್, ಅದರ ನಡುವೆ ಈ ತುದಿಯಿಂದ ಆ ತುದಿಯವರೆಗೆ ಬೆಳಕಿನ ಒಂದೇ ಒಂದು ಗೆರೆ. ನಮ್ಮ ಕಡೆ ಅಂಥದ್ದನ್ನು ಯಾರೂ ಮಾಡಿರಲಿಲ್ಲ ಎಂದು ನಾನು ನಂಬಿದ್ದೆ. ಶೌಚಾಲಯದ ಬಾಗಿಲೂ ಅದೇ ಗೋಡೆಯಲ್ಲಿ, ಪ್ಯಾನೆಲ್ ಮುಗಿಯುವಲ್ಲಿ. ಹೊರಗೆ ತೆರೆದರೆ ಅದು ಬಂದು ನನ್ನ ಪ್ಯಾನೆಲ್ ಮೇಲೆ ಒರಗುತ್ತದೆ, ಬೆಳಕಿನ ಗೆರೆ ಅಲ್ಲಿ ತುಂಡಾಗುತ್ತದೆ. ನಮ್ಮ ಜನವೋ, ಶೌಚಾಲಯದ ಬಾಗಿಲನ್ನು ಹಾರು ಹೊಡೆದೇ ಬಿಟ್ಟು ಹೋಗುವವರು! ಒಳಗೆ ತೆರೆದರೆ — ಏನೂ ಕಾಣುವುದಿಲ್ಲ. ಗೆರೆ ಅಖಂಡವಾಗಿ ಉಳಿಯುತ್ತದೆ.

ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಒಂದು ಚಂದದ ಗೆರೆ.

ಚೌಕಟ್ಟು ಕೂರಿಸುವ ದಿನ ಬಾಗಿಲು ತಿರುಗಿಸಲು ಹೇಳಿದೆ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಕಾಕಾ ಕೈಯಲ್ಲಿದ್ದ ಬಿಜಾಗರಿ ಕೆಳಗಿಟ್ಟು ನನ್ನ ಮುಖ ನೋಡಿದರು.

"ತಂಗಿ, ಇದು ದವಾಖಾನಿ. ಸಂಡಾಸದ ಬಾಗಲಾ ಹೊರಗ ತೆರೀಬೇಕಂತ ನೀನ ಹೇಳಿಕೊಟ್ಟೀದಿ."

"ಏನೂ ಆಗೂದಿಲ್ಲ ಕಾಕಾ. ತಿರುಗಸ್ರಿ."

ಅವರು ಕಿವಿಯ ಪೆನ್ಸಿಲ್ ತೆಗೆದರು. ಆಮೇಲೆ ಚೌಕಟ್ಟಿನ ಪಕ್ಕದ ಗೋಡೆಯ ಮೇಲೆ ಬರೆದರು: "ಬಾಗಲ ಒಳಗ." ಪೆನ್ಸಿಲ್ ನನ್ನ ಕೈಗೆ ಬಂತು. ನಾನು ಗೀಟು ಎಳೆದೆ. ಅಷ್ಟಕ್ಕೇ ನಿಲ್ಲದೆ, ದೊಡ್ಡಸ್ತಿಕೆ ನೋಡಿ, ಅದರ ಮೇಲೆ ನನ್ನ ಸುರುಳಿ ಸುರುಳಿ ಸಹಿಯನ್ನೂ ಹಾಕಿದೆ. ಕಾಕಾ ಕೆಳಗೆ ತಮ್ಮ ಗೀಟು ಎಳೆದರು. ಮರುವಾರ ಅದರ ಮೇಲೆ ಪ್ಯಾನೆಲ್ ಬಂದು ಕೂತಿತು. ನಕಾಶೆಯನ್ನು ನಾನು ತಿದ್ದಲಿಲ್ಲ. ಯಾರು ತಿದ್ದುತ್ತಾರೆ?

ಆ ಪಡಸಾಲೆಯ ಫೋಟೊ ನನ್ನ ಆಫೀಸಿನ ಗೋಡೆಗೆ ಬಂತು. ಅದನ್ನು ನೋಡಿಯೇ ಸವದತ್ತಿಯ ಒಂದು ಶೋರೂಮ್ ಸಿಕ್ಕಿತು, ಕಿತ್ತೂರಿನ ಒಂದು ಸಮುದಾಯ ಭವನ ಸಿಕ್ಕಿತು. ಬಂದವರೆಲ್ಲ ಬೆಳಕಿನ ಗೆರೆಯನ್ನೇ ತೋರಿಸಿ, "ಹಿಂಥಾದ್ದ ಮಾಡಿಕೊಡ್ರಿ" ಎನ್ನುತ್ತಿದ್ದರು. ಫೋಟೊದಲ್ಲಿ ಬಾಗಿಲು ಮುಚ್ಚಿದೆ.

ಆಸ್ಪತ್ರೆ ಶುರುವಾಗಿ ಐದಾರು ತಿಂಗಳಾಗಿರಬಹುದು. ಗಂಗವ್ವ ಎಂಬ ಮುದುಕಿ, ಹತ್ತಿರದ ಹಳ್ಳಿಯವರು, ಜ್ವರಕ್ಕೆ ಸಲೈನ್ ಹಚ್ಚಿಸಿಕೊಳ್ಳಲು ಬಂದಿದ್ದರು. ಮಟಮಟ ಮಧ್ಯಾಹ್ನ. ಎದ್ದು ಶೌಚಾಲಯಕ್ಕೆ ಹೋದವರು ತಲೆ ತಿರುಗಿ ಒಳಗೆ ಬಿದ್ದರು, ಬಾಗಿಲಿಗೆ ಅಡ್ಡಲಾಗಿ. ಚಿಲಕ ಹಾಕಿರಲಿಲ್ಲ. ಹೊರಗಿನಿಂದ ಮಗಳು ನೂಕಿದಳು. ನಾಲ್ಕು ಬೆರಳಷ್ಟು ತೆರೆದು ಬಾಗಿಲು ನಿಂತಿತು. ಆ ಸಂದಿಯಲ್ಲಿ ತಾಯಿಯ ಬಳೆಗೈ ಕಾಣುತ್ತಿತ್ತಂತೆ. ಇನ್ನೂ ನೂಕಿದರೆ ಆ ಮೈಯನ್ನೇ ನೂಕಬೇಕು, ಒಳಗಿನಿಂದ ನರಳಾಟ. ಕೊನೆಗೆ ಹಾರೆ ತಂದು ಬಾಗಿಲನ್ನು ಮುರಿದು ತೆಗೆದರು. ಎಷ್ಟು ಹೊತ್ತು ಹಿಡಿಯಿತೆಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಗಂಗವ್ವನ ಸೊಂಟ ಮುರಿದಿತ್ತು. ಬಿದ್ದಾಗ ಮುರಿಯಿತೋ, ನೂಕಿದಾಗ ಮುರಿಯಿತೋ — ಆ ಮಗಳು ಇವತ್ತಿಗೂ ಈ ಪ್ರಶ್ನೆ ಹೊತ್ತುಕೊಂಡು ತಿರುಗುತ್ತಿರಬಹುದು. ಅದೂ ನಾನು ಹೊರಿಸಿದ ಭಾರವೇ.

ಗಂಗವ್ವ ಸಾಯಲಿಲ್ಲ. ಸಾಯಲಿಲ್ಲವಲ್ಲ ಎಂದು ನಾನು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ, ನಾಚಿಕೆಯಿಲ್ಲದೆ. ಆದರೆ ಅವರು ಮತ್ತೆ ಯಾರ ಆಸರೆಯೂ ಇಲ್ಲದೆ ನಡೆಯಲಿಲ್ಲ. ಎರಡು ವರ್ಷದ ಹಿಂದೆ ತೀರಿಕೊಂಡರೆಂದು ಕೇಳಿದೆ. ಅವರ ಮುಂದೆ ನಿಂತು ಹೇಳಬೇಕಾದ ಮಾತು ಹಾಗೇ ಉಳಿದುಹೋಯಿತು.

ಮೂರನೆಯ ದಿನ ಡಾಕ್ಟರು ನಮ್ಮಿಬ್ಬರನ್ನೂ ಕರೆಸಿದರು. ಪಡಸಾಲೆಯಲ್ಲಿ, ಆ ಮುರಿದ ಬಾಗಿಲ ಮುಂದೆ, ಡಾಕ್ಟರು, ನರ್ಸುಗಳು, ಗಂಗವ್ವನ ಮಗಳು. ಡಾಕ್ಟರ ಕೈಯಲ್ಲಿ ನನ್ನ ನಕಾಶೆ.

"ಇದರಾಗ ಹೊರಗ ಅಂತ ಐತಿ. ಒಳಗ ಹೆಂಗ ಕುಂತಿತ್ರಿ ಇದು?"

ಕಾಳಪ್ಪ ಕಾಕಾ ನನ್ನ ಕಡೆ ನೋಡಿದರು. ದೂರುವ ನೋಟವಲ್ಲ ಅದು. ಹೇಳುತ್ತಾಳೆ, ಮಾತು ಹುಡುಕುತ್ತಿದ್ದಾಳೆ ಎಂದು ಕಾಯುವ ನೋಟ. ಆಗ ನನ್ನ ಬಾಯಿಂದ ಬಂದದ್ದು ಇದು:

"ನಾ ಹಂಗ ಹೇಳೇ ಇಲ್ರಿ. ನಕಾಶಿ ನೋಡ್ರಿ."

ಕಾಕಾ ಮೆಲ್ಲಗೆ ಕೈ ಎತ್ತಿ ಪ್ಯಾನೆಲ್ ಮೇಲೆ ಇಟ್ಟರು, ಚೌಕಟ್ಟಿನ ಪಕ್ಕದಲ್ಲಿ, ಸರಿಯಾಗಿ ಆ ಜಾಗದಲ್ಲಿ. ಉಳಿದವರಿಗೆ ವಯಸ್ಸಾದವರು ಆಸರೆಗೆ ಗೋಡೆ ಹಿಡಿದಂತೆ ಕಂಡಿರಬೇಕು. ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎನ್ನುವುದು ಅವರಿಗೂ ಗೊತ್ತಿತ್ತು. ಒಂದು ಹಲಗೆ ಬಿಚ್ಚಿಸಿದ್ದರೆ ಸಾಕಾಗಿತ್ತು. ಬಿಚ್ಚಿಸಿ ಎಂದು ಅವರು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ.

ಅವರು ಕೈ ಇಳಿಸಿದರು. "ಕುಂದರಿಸಿದಾಂವ ನಾನ ರೀ" ಎಂದರು. ಅಷ್ಟೇ. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹೆಣ್ಣೆಂದು ನನ್ನನ್ನು ಎಲ್ಲರೂ ಹಗುರಾಗಿ ನೋಡುತ್ತಿದ್ದ ಕಾಲ, ಒಂದು ತಪ್ಪು ಹೊರಬಿದ್ದರೆ ನನ್ನ ಕತೆ ಮುಗಿಯುತ್ತಿತ್ತು ಎಂದೆಲ್ಲ ಆಮೇಲೆ ನನಗೆ ನಾನೇ ಹೇಳಿಕೊಂಡೆ. ನಿಜವೇ ಇರಬಹುದು. ಆದರೆ ಹಗುರಾಗಿ ನೋಡದೇ ಇದ್ದ ಒಬ್ಬರನ್ನೇ ಹುಡುಕಿ ಬಲಿಕೊಟ್ಟೆನಲ್ಲ — ಅದಕ್ಕೆ ಏನು ಹೇಳಲಿ?

ಡಾಕ್ಟರು ಬಾಗಿಲನ್ನು ಬೇರೆಯವರಿಂದ ಹೊರಗೆ ತೆರೆಯುವಂತೆ ಮಾಡಿಸಿದರು. ಕಾಕಾಗೆ ಮಾತ್ರ "ದವಾಖಾನಿ ಬಾಗಲಾ ಉಲ್ಟಾ ಹಚ್ಚಿದಾಂವ" ಎಂಬ ಹೆಸರು ಅಂಟಿಕೊಂಡಿತು. ಗುತ್ತಿಗೆದಾರರು ಅವರನ್ನು ಕರೆಯುವುದನ್ನು ಬಿಟ್ಟರು. ನಾನೂ ಕರೆಯಲಿಲ್ಲ. ಯಾವ ಮುಖ ಹೊತ್ತು ಕರೆಯಲಿ? ನಲವತ್ತು ವರ್ಷ ಹೊಸ ಕಟ್ಟಡಗಳಿಗೆ ಚೌಕಟ್ಟು ಕೂರಿಸಿದವರು ಮನೋಳಿಯಲ್ಲಿ ಮಗಳ ಮನೆ ಸೇರಿ, ಮಂಚದ ಕಾಲು, ಮಣೆ ಅಂತ ಮಾಡಿಕೊಂಡಿದ್ದಾರೆಂದು ಯಾರೋ ಹೇಳಿದರು. ನಾನು "ಹೌದಾ" ಎಂದು ಮಾತು ಬದಲಿಸಿದೆ.

ಈ ವರ್ಷ ಅದೇ ಡಾಕ್ಟರು ಫೋನ್ ಮಾಡಿದರು. ಬಾಗಿಲು ತೆರೆದಾಗಲೆಲ್ಲ ಹಿಡಿಕೆ ಬಡಿದು ಬಡಿದು ಪ್ಯಾನೆಲ್ ಕುಳಿಬಿದ್ದಿದೆ, ಎಲ್ಲ ತೆಗೆಸಿ ಹೊಸದು ಮಾಡಿಕೊಡಿ ಎಂದರು. ಫೋನ್ ಇಟ್ಟ ಮೇಲೆ ನನಗೆ ಮೊದಲು ನೆನಪಾದದ್ದು ಗಂಗವ್ವನೂ ಅಲ್ಲ, ಕಾಕಾನೂ ಅಲ್ಲ. ನನ್ನ ಸುರುಳಿ ಸಹಿ.

ಎರಡನೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಅಳತೆಗೆಂದು ಒಂದು ಭಾನುವಾರ ಬೆಳಿಗ್ಗೆ ಒಬ್ಬಳೇ ಹೋದೆ. ಚೀಲದಲ್ಲಿ ಸ್ಕ್ರೂಡ್ರೈವರ್ ಇತ್ತು, ಪಾಲಿಶ್ ಪೇಪರ್ ಇತ್ತು. ಚೌಕಟ್ಟಿನ ಪಕ್ಕದ ಹಲಗೆ ಬಿಚ್ಚಿದೆ. ಏಳು ವರ್ಷ ಗಾಳಿಬೆಳಕು ಕಾಣದ ಗೋಡೆಯ ಮೇಲೆ ಬರಹ ನಿನ್ನೆ ಬರೆದಂತಿತ್ತು. ಪಾಲಿಶ್ ಪೇಪರ್ ಮಡಚಿ ಉಜ್ಜಲು ಶುರುಮಾಡಿದೆ. ಸಹಿಯ ಮೊದಲ ಅಕ್ಷರ ಹೋಯಿತು. ಆಗ ಕೆಳಗಿನ ಗೀಟು ಕಣ್ಣಿಗೆ ಬಿತ್ತು. ಚಿಕ್ಕದು, ನೇರ, ಒತ್ತಿ ಎಳೆದದ್ದು. ಬೇಡವೆಂದು ಹೇಳಿಯೂ, ಮಾಡಿದ ಮೇಲೆ ತನ್ನದೂ ಪಾಲಿದೆ ಎಂದು ಒಪ್ಪಿದ ಮನುಷ್ಯನ ಗೀಟು. ಅವರು ತಮ್ಮ ಗೀಟಿನಷ್ಟು ತಪ್ಪನ್ನು ಅಂದೇ ಎಲ್ಲರ ಮುಂದೆ ಒಪ್ಪಿಕೊಂಡಿದ್ದರು. ನಾನು ನನ್ನ ಗೀಟನ್ನೂ ಅವರ ಲೆಕ್ಕಕ್ಕೆ ತಳ್ಳಿದ್ದೆ, ಈಗ ಉಜ್ಜುತ್ತಲೂ ಇದ್ದೆ. ಪೇಪರ್ ಕೈಯಿಂದ ಬಿತ್ತು. ಅಲ್ಲೇ ಪಡಸಾಲೆಯ ಬೆಂಚಿನ ಮೇಲೆ ಕೂತು ಅತ್ತೆ.

ಡಾಕ್ಟರನ್ನು ಕರೆದು ತೋರಿಸಿದೆ. ಎಲ್ಲ ಹೇಳಿದೆ, ಉಜ್ಜಿದ್ದನ್ನೂ. ಅವರು ಗೋಡೆಯ ಹತ್ತಿರ ಬಾಗಿ ಬರಹ ಓದಿದರು.

"ನಾ ಆ ಮನಷ್ಯಾಗ ಎಲ್ಲಾ ಕಡೆ ಕೆಟ್ಟ ಹೆಸರ ತಂದೇನಲ್ರೀ. ನನ್ನ ಬಾಯಿಲೆ ಹೇಳಸಿದ್ರಲ್ಲ ನೀವು" ಎಂದರು. ಹೊಸ ಪ್ಯಾನೆಲ್ ಕೆಲಸವನ್ನು ನನಗೆ ಕೊಡುವುದಿಲ್ಲ ಎಂದೂ ಹೇಳಿದರು. ನಾನು ಕೇಳಿದ್ದು ಒಂದೇ: ಯಾರಿಗೆಲ್ಲ ಅವರ ಹೆಸರು ಹೇಳಿದ್ದಿರೋ ಅವರಿಗೆಲ್ಲ ಈಗ ನನ್ನ ಹೆಸರು ಹೇಳಿ. ಅದನ್ನೇ ನಾನೂ ಇಲ್ಲಿ ಮಾಡುತ್ತಿದ್ದೇನೆ. ನನ್ನ ಆಫೀಸಿನ ಫೋಟೊ ತೆಗೆದಿಟ್ಟೆ.

ಮರುದಿನ ಮನೋಳಿಗೆ ಹೋದೆ. ಕಾಕಾ ಅಂಗಳದಲ್ಲಿ ಮಂಚದ ಕಾಲಿಗೆ ರಂದಾ ಹೊಡೆಯುತ್ತಿದ್ದರು. ಕಿವಿಯಲ್ಲಿ ಅದೇ ಪೆನ್ಸಿಲ್. ಮಗಳು ನೀರು ತಂದಿಟ್ಟು ಒಳಗೆ ಹೋದಳು. ನಾನು ಬಾಗಿಲಿನಿಂದ ಹಿಡಿದು ಪಾಲಿಶ್ ಪೇಪರಿನವರೆಗೆ ಎಲ್ಲ ಹೇಳಿದೆ. ತಪ್ಪಾಯಿತು ಎಂದೆ. ಅವರು ತಲೆ ಎತ್ತದೆ ಕೇಳಿಸಿಕೊಂಡರು, ಮಂಚದ ಕಾಲಿನ ಮೇಲೆ ಬೆರಳಾಡಿಸಿ ನುಣುಪು ನೋಡಿದರು.

"ಆ ಬಾಗಲಾ ಈಗ ಹೊರಗ ತೆರೀತೈತೇನ್ರಿ?" ಎಂದರು.

"ಹೌದು ಕಾಕಾ. ಹೊರಗ ತೆರೀತೈತಿ."

"ಚೊಲೋ ಆತು. ಅಷ್ಟಾದ್ರ ಸಾಕ್ರಿ, ಮೇಡಮ್ಮಾರ."

ಅಂಗಳದಲ್ಲಿ ನಾವಿಬ್ಬರೇ ಇದ್ದೆವು.