ಲಾಕ್ ಆಗಿದ್ದ ಯಜಮಾನ

ಗರ್ಭಕೋಶದ ಗೆಡ್ಡೆ ತೆಗೆಸಲೇಬೇಕು, ಮುಂದೂಡಬೇಡಿ ಅಂತ ಡಾಕ್ಟರು ಅಮ್ಮನಿಗೆ ಹೇಳಿ ಆಗಿತ್ತು. ಆಸ್ಪತ್ರೆಯವರಿಗೆ ನೇಕಾರರ ಸಂಘದ ಆರೋಗ್ಯ ಕಾರ್ಡ್ ಬೇಕು. ಆ ಕಾರ್ಡ್ ಮಾಡುವ ವೆಬ್ ಫಾರಂ ಜಾವಾದಲ್ಲಿದೆ, ಅದನ್ನು ನೋಡಿಕೊಳ್ಳುವವಳು ನಾನೇ. ದೊಡ್ಡಬಳ್ಳಾಪುರದಲ್ಲಿ ಒಂದು ಸೀರೆ ಅಂಗಡಿಯ ಮಹಡಿ ಮೇಲೆ ನಮ್ಮ ಆಫೀಸು. ಹೀಗಿದ್ದೂ ಸೇವ್ ಆಗದೆ ಕೂತದ್ದು ನಮ್ಮಮ್ಮನ ಕಾರ್ಡು. ಕರ್ಮ ನೋಡಿ.

ಸೇವ್ ಒತ್ತಿದರೆ ಎರರ್. ಸರ್ವರ್ ಬರೆದಿಟ್ಟ ಲಾಗ್ ತೆಗೆದರೆ, ಮಗ್ಗದ ಯಜಮಾನನ ಹೆಸರು ನಲ್. ಅಂದರೆ ಆ ಜಾಗಕ್ಕೆ ಏನೂ ಬಂದೇ ಇಲ್ಲ ಅಂತ. ಪರದೆ ಮೇಲೆ ನೋಡಿದರೆ ಅಪ್ಪನ ಹೆಸರು ಢಾಳಾಗಿ ಕಾಣ್ತಿದೆ. ಅಪ್ಪ ನಮ್ಮನ್ನು ಬಿಟ್ಟು ದಾಬಸ್‌ಪೇಟೆಯಲ್ಲಿ ಬೇರೆ ಸಂಸಾರ ಮಾಡಿಕೊಂಡು ಎಷ್ಟೋ ವರ್ಷ ಆಯ್ತು. ಮಗ್ಗ ಓಡಿಸೋದು ಅಮ್ಮ, ಕಾಗದದಲ್ಲಿ ಯಜಮಾನ ಮಾತ್ರ ಅಪ್ಪನೇ. ಆ ಹೆಸರು ನೋಡಿದರೆ ನನಗೆ ಏನೂ ಅನ್ನಿಸ್ತಿರಲಿಲ್ಲ. ಸಿಟ್ಟೂ ಇಲ್ಲ, ಸಂಕಟವೂ ಇಲ್ಲ. ಹಲ್ಲು ಕೀಳೋಕೆ ಮುಂಚೆ ಇಂಜೆಕ್ಷನ್ ಕೊಟ್ಟ ದವಡೆ ಥರ ಇದ್ದೆ.

ಮೊದಲು ಫಾರಂನ ಪೆಟ್ಟಿಗೆಯ ಹೆಸರೂ ಜಾವಾ ಕೋಡಿನಲ್ಲಿರೋ ಹೆಸರೂ ತಾಳೆ ಆಗುತ್ತಾ ನೋಡಿದೆ. ಆಗುತ್ತೆ. ಬಂದ ಹೆಸರನ್ನು ಒಳಗೆ ತುಂಬುವ ಸೆಟ್ಟರ್ ಇದೆಯಾ? ಇದೆ. ಪಕ್ಕದ ಬೀದಿಯ ಒಂದು ಮನೆಯದು ಹಾಕಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸೇವ್ ಆಯ್ತು. ಥೂ ಇದರ! ಕೊನೆಗೆ ಬ್ರೌಸರ್ ಏನೇನು ಕಳಿಸ್ತಿದೆ ಅಂತ ಒಂದೊಂದೇ ಓದಿದೆ. ಅಮ್ಮನ ಹೆಸರು ಹೋಗ್ತಿದೆ, ವಯಸ್ಸು ಹೋಗ್ತಿದೆ, ಬೀದಿ ಹೋಗ್ತಿದೆ. ಯಜಮಾನನೇ ಹೋಗ್ತಿಲ್ಲ. ಆಗ ಕಣ್ಣಿಗೆ ಬಿತ್ತು, ನಮ್ಮ ಮನೆಯ ಆ ಪೆಟ್ಟಿಗೆ ಮಾತ್ರ ಬೂದು ಬಣ್ಣಕ್ಕಿದೆ.

ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ ಕೇಳಿದೆ.

"ಅದಾ? ನಿಮ್ಮಲ್ಲಿ ಮೊದ್ಲಿದ್ದ ಪ್ರೋಗ್ರಾಮರ್ ಹತ್ರ ನಾನೇ ಲಾಕ್ ಮಾಡ್ಸಿದ್ದು ಕಣಮ್ಮ. ಅಣ್ಣತಮ್ಮಂದಿರು ಪಾಲಾದ್ರೆ ಬೆಳಿಗ್ಗೆ ಅಣ್ಣ ಬಂದು ಯಜಮಾನ ನಾನು ಅಂತಾನೆ, ಸಾಯಂಕಾಲ ತಮ್ಮ ಬಂದು ನಾನು ಅಂತಾನೆ. ಸಾಕಾಗೋಯ್ತು. ಜಗಳ ಇರೋ ಮನೇವೆಲ್ಲ ಲಾಕ್ ಮಾಡಿಬಿಡಿ ಅಂದೆ. ನಿಮ್ಮಪ್ಪನೂ ಬಂದು ನಮ್ಮನೇದೂ ಲಾಕ್ ಮಾಡ್ಸಿ ಅಂತ ಹೇಳಿ ಹೋಗಿದ್ರಲ್ಲ."

ಆ ಪುಣ್ಯಾತ್ಮ ಪ್ರೋಗ್ರಾಮರ್ ಪೆಟ್ಟಿಗೆಯನ್ನು ಡಿಸೇಬಲ್ ಮಾಡಿದ್ದ. ಡಿಸೇಬಲ್ ಆದದ್ದನ್ನು ಬ್ರೌಸರ್ ಕಣ್ಣಿಗೆ ತೋರಿಸುತ್ತೆ, ಸರ್ವರಿಗೆ ಕಳಿಸೋದಿಲ್ಲ. ರೀಡ್-ಓನ್ಲಿ ಅಂತ ಮಾಡಿದ್ದರೆ ಯಾರೂ ತಿದ್ದೋಕೂ ಆಗ್ತಿರಲಿಲ್ಲ, ಹೆಸರೂ ಹೋಗ್ತಿತ್ತು. ಒಂದು ಪದದ ಕೆಲಸ.

ಆ ಒಂದು ಪದ ಹೊಡೆಯೋಕೆ ಕೈ ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. ಹಿಂದೆ ಮಗ್ಗ ಬಡ್ಕೋತಿತ್ತು.

"ಅಮ್ಮಾ, ಯಜಮಾನಿ ಅಂತ ನಿನ್ ಹೆಸ್ರೇ ಹಾಕ್ಬಿಡ್ಲಾ?"

"ಬುದ್ಧಿಗಿದ್ಧಿ ಇದ್ಯೇನೇ ನಿಂಗೆ? ನಾಳೆ ಆ ವಯ್ಯ ಸಂಘದ ಮುಂದೆ ಬಂದು ರಂಪ ಮಾಡುದ್ರೆ ಕಾರ್ಡೂ ಇಲ್ಲ, ಆಪರೇಷನ್ನೂ ಇಲ್ಲ. ಅವನ್ ಹೆಸ್ರೇ ಇರ್ಲಿ. ಹೊಟ್ಟೆ ನಂದು."

ಪದ ಬದಲಿಸಿದೆ. ಸೇವ್ ಆಯ್ತು. ಲಾಕ್ ಆಗಿದ್ದ ಬೇರೆ ಮನೆಗಳದ್ದೂ ಆಯ್ತು. ಖುಷಿ ಪಡಬೇಕು ಅಂತ ಗೊತ್ತಿತ್ತು, ಆದರೆ ಒಳಗಡೆ ಏನೂ ಅಲ್ಲಾಡಲಿಲ್ಲ. ಕೆಳಗೆ ಹೋಗಿ ಟೀ ಕುಡಿದು ಬಂದೆ.

ಆಪರೇಷನ್ ದಿನ ನರ್ಸ್ ಬಂದು ಮೈಮೇಲಿನ ಒಡವೆ ಎಲ್ಲ ಬಿಚ್ಚಿಕೊಡಿ ಅಂದರು. ಅಮ್ಮ ಓಲೆ ಬಿಚ್ಚಿದಳು, ಬಳೆ ಬಿಚ್ಚಿದಳು, ತಾಳಿಯನ್ನೂ ಬಿಚ್ಚಿ ನನ್ನ ಕೈಗಿಟ್ಟಳು.

"ತಾಳಿ ಬದಲು ಅರಿಶಿನದ ಕೊಂಬು ಕಟ್ಕೋತಾರೆ ಎಲ್ರೂ. ದಾರ ಕೊಡ್ಲಾ ಅಮ್ಮ?" ಅಂದರು ನರ್ಸ್. ಅಮ್ಮ ಬೇಡ ಅಂತ ತಲೆಯಾಡಿಸಿ ಒಳಗೆ ಹೋದಳು.

ಎಲ್ಲ ಸರಿಯಾಗಿ ಆಯ್ತು. ಮನೆಗೆ ಹೊರಡುವ ದಿನ ಕರ್ಚೀಫಿನಲ್ಲಿ ಕಟ್ಟಿಟ್ಟಿದ್ದನ್ನು ಬಿಚ್ಚಿ ಅವಳ ಮುಂದೆ ಹಿಡಿದೆ. ಓಲೆ ಹಾಕಿಕೊಂಡಳು. ಬಳೆ ಹಾಕಿಕೊಂಡಳು. ತಾಳಿಯನ್ನು ಕರ್ಚೀಫಿನಲ್ಲೇ ಬಿಟ್ಟು ಮಡಚಿ ನನ್ನ ಬ್ಯಾಗಿಗೆ ತುರುಕಿದಳು.

"ಅವನ್ ಹೆಸ್ರು ಕಾರ್ಡಿಗೆ ಬೇಕಾಗಿತ್ತು, ಹಾಕುದ್ವಿ. ಕತ್ತಿಗೆ ಬೇಡ ಕಣೆ. ನಡಿ, ಆಟೋ ಹಿಡಿ."

ಆಟೋ ಹಿಡಿಯೋಕೆ ಅಂತ ರಸ್ತೆಗೆ ಬಂದವಳು ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತೆ.