ಹಾವು ಸಾಕಿದ್ದ ಅಂಕಲ್

ಅವರ ಬಲಗೈ ಸದಾ ನಡುಗುತ್ತಿತ್ತು. ಪೆನ್ಸಿಲ್‌ನಷ್ಟೇ ದಪ್ಪದ ಹಾವಿನ ಮರಿಯೊಂದು ಆ ಬೆರಳುಗಳಿಗೆ ಸುತ್ತಿಕೊಂಡು, ನಡುಕದ ಜೊತೆ ತಾನೂ ಅಲ್ಲಾಡುತ್ತ ನಾಲಗೆ ಚಾಚುತ್ತಿತ್ತು. ಅಮೆರಿಕದ ಸ್ಟರ್ಲಿಂಗ್ ಹೈಟ್ಸ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ನನಗೆ ನೆನಪಾಗುವುದು ಹೀಗೆ.

ಮೈಸೂರಿನವರು. ಕಾರ್ ಕಾರ್ಖಾನೆಯ ಪೇಂಟ್ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಆಂಟಿ ತೀರಿಕೊಂಡ ಮೇಲೆ ವಿಷವಿಲ್ಲದ ಎರಡು ಕಿಂಗ್‌ಸ್ನೇಕ್ ಮರಿಗಳನ್ನು ತಂದು ಬೇಸ್‌ಮೆಂಟಿನಲ್ಲಿ ಸಾಕಿದರು. ಒಟ್ಟಿಗಿಟ್ಟರೆ ಒಂದು ಇನ್ನೊಂದನ್ನು ನುಂಗೀತೆಂದು ಬೇರೆ ಬೇರೆ ಡಬ್ಬಿ. ಮೊಟ್ಟೆಯನ್ನೂ ಮುಟ್ಟದ ಮನುಷ್ಯ ಫ್ರೀಜರಿನ ಇಲಿಮರಿಯನ್ನು ಬಿಸಿನೀರಿನಲ್ಲಿಟ್ಟು ಮೆತ್ತಗಾಗಿಸಿ ತಿನ್ನಿಸುತ್ತಾರೆಂದು ತಿಳಿದಾಗ, ನಮ್ಮ ಕನ್ನಡದವರು ಅವರ ಮನೆಯ ಊಟ ಬಿಟ್ಟರು. ಅದಕ್ಕೆ ಅವರು ಬೇಸರ ಪಟ್ಟುಕೊಂಡಂತೆ ಕಾಣಲಿಲ್ಲ.

ನಾನು ಮಾತ್ರ ಹೋಗುತ್ತಿದ್ದೆ. ಪಾರ್ಶ್ವವಾಯು ಬಡಿದ ಅತ್ತೆ ನಮ್ಮಲ್ಲಿ ಹಾಸಿಗೆ ಹಿಡಿದಿದ್ದರು. ಮಗ್ಗುಲು ಬದಲಿಸುವುದು, ಉಣಿಸುವುದು, ಒರೆಸುವುದು, ನಡುವೆ ಆಫೀಸಿನ ಮೀಟಿಂಗು. ಯಾರಾದರೂ ಹೇಗಿದ್ದೀಯ ಎಂದು ಕೇಳಿದರೆ ಉತ್ತರ ಕೊಡುವುದಕ್ಕೂ ದಣಿವು. ಅಂಕಲ್ ಕೇಳುತ್ತಿರಲಿಲ್ಲ. ಡಬ್ಬಿ ತೆರೆದು, "ಇವತ್ತೇನು ಬದಲಾಗಿದೆ ನೋಡು" ಎನ್ನುತ್ತಿದ್ದರು. ತಂದಾಗ ಕಪ್ಪು ಮೈಮೇಲೆ ತೆಳುವಾದ ಅಡ್ಡಪಟ್ಟೆಗಳಷ್ಟೇ ಇದ್ದವು. ಪೊರೆ ಬಿಟ್ಟಾಗಲೆಲ್ಲ ಪಟ್ಟೆಗಳ ನಡುವಿನ ಕಪ್ಪಿನಲ್ಲಿ ಹಳದಿ ಚುಕ್ಕೆಗಳು ಹೆಚ್ಚುತ್ತಿದ್ದವು. "ಒಂದು ಬಣ್ಣ ಸರಿಹೋಗೋಕೆ ನಾವೆಷ್ಟು ಒದ್ದಾಡ್ತಿದ್ವಿ. ಇದಕ್ಕೆ ಆತುರವೇ ಇಲ್ಲ" ಎಂದು ಮೆಚ್ಚಿಕೊಳ್ಳುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ಅವರ ಬೇಸ್‌ಮೆಂಟಿನ ಸೋಫಾದಲ್ಲೇ ನನಗೆ ನಿದ್ದೆ ಹತ್ತಿತು. ಅರೆ ಎಚ್ಚರದಲ್ಲಿ ಮೆಟ್ಟಿಲ ಮೇಲಿನಿಂದ ನನ್ನ ಗಂಡನ ದನಿ ಕೇಳಿಸಿತು. ಅಮ್ಮನ ಹಾಸಿಗೆ ಒದ್ದೆಯಾಗಿದೆಯೆಂದು ನನ್ನನ್ನು ಕರೆಯಲು ಬಂದಿದ್ದ.

"ಅವಳು ಮಲಗಿದಾಳೆ, ಎಬ್ಬಿಸಲ್ಲ. ನಿಮ್ಮಮ್ಮ ತಾನೇ, ನೀನು ನೋಡ್ಕೋ ಹೋಗು" ಎಂದರು ಅಂಕಲ್.

"ನಂಗೆ ಅದೆಲ್ಲ ಬರಲ್ಲ ಅಂಕಲ್."

"ಅವಳಿಗೂ ಬರ್ತಿರಲಿಲ್ಲ."

ನಾನು ಕಣ್ಣು ತೆರೆಯಲಿಲ್ಲ. ಸಂಜೆ ಮನೆಗೆ ಹೋದಾಗ ಅತ್ತೆಯ ಹಾಸಿಗೆಗೆ ಒಗೆದ ಹೊದಿಕೆ ಸೊಟ್ಟಸೊಟ್ಟಗೆ ಹಾಸಿತ್ತು. ಗಂಡ ಪಕ್ಕದಲ್ಲಿ ಕುಳಿತು ಅವರಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ.

ಅಂಕಲ್ ಕೈಯ ನಡುಕ ಕಾಲಿಗೂ ಇಳಿದ ಮೇಲೆ ಮಗಳು ಅವರನ್ನು ಷಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನ ತನ್ನ ಮನೆಗೆ ಕರೆದುಕೊಂಡು ಹೋದಳು. ಹಾವುಗಳು ನಮ್ಮ ಮನೆಗೆ ಬಂದವು. ಅಂಕಲ್ ಫೋನ್ ಮಾಡಿದಾಗಲೆಲ್ಲ ಹಳದಿ ಎಲ್ಲಿಯವರೆಗೆ ಬಂತೆಂದು ವಿಚಾರಿಸುತ್ತಿದ್ದರು. ಬರಬರುತ್ತ ಅವರ ಮಾತು ತಿಳಿಯದಾಯಿತು. ಕೊನೆಯ ಸಲ ಮಗಳು ಫೋನನ್ನು ಅವರ ಕಿವಿಗೆ ಹಿಡಿದಳು. ಕುತ್ತಿಗೆಯಿಂದ ಬಾಲದವರೆಗೆ ಕಂಡದ್ದನ್ನೆಲ್ಲ ನಾನು ವರ್ಣಿಸಿದೆ. ಆ ಕಡೆಯಿಂದ ಉಸಿರಷ್ಟೇ ಕೇಳುತ್ತಿತ್ತು.

ಅವರು ಹೋದ ಸುದ್ದಿ ಬಂದ ಬೆಳಿಗ್ಗೆ ಹಿಮ ಬೀಳುತ್ತಿತ್ತು. ಷಿಕಾಗೋ ಕಡೆಗೆ ಐದು ಗಂಟೆಯ ಡ್ರೈವ್, ಮನೆಯಲ್ಲಿ ಅತ್ತೆ. ಹೋಗಬೇಕೆಂದು ಬಾಯಿಬಿಟ್ಟು ಹೇಳುವ ಶಕ್ತಿಯೂ ಇಲ್ಲದೆ ಅಡುಗೆಮನೆಯಲ್ಲಿ ನಿಂತಿದ್ದೆ. ಗಂಡ ಕಾರಿನ ಕೀ ತಂದು ನನ್ನ ಕೈಗಿಟ್ಟ.

"ನೀನು ಹೋಗ್ಬಾ. ಅಮ್ಮನ್ನ ನಾನು ನೋಡ್ಕೋತೀನಿ."